ಧ್ಯಾನಕ್ಕೆ ಕುಳಿತರೆ ಭತ್ತದ ಲೆಕ್ಕವೇ ಎದುರು ನಿಲ್ಲುತ್ತದೆ: ನಾನು ಮನೆ ಬಿಡಬೇಕೇ?

ಪ್ರಶ್ನೆ: ನನಗೆ 46 ವರ್ಷ. ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಎರಡು ವರ್ಷಗಳಿಂದ ಬೆಳಗಿನ ನಾಲ್ಕು ಗಂಟೆಗೆ ಎದ್ದು ಅರ್ಧ ಗಂಟೆ ಭಸ್ತ್ರಿಕಾ (ಬಿರುಸಾಗಿ ಉಸಿರಾಡುವ ಪ್ರಾಣಾಯಾಮ), ಒಂದೂವರೆ ಗಂಟೆ ಧ್ಯಾನ ಮಾಡುತ್ತಿದ್ದೇನೆ. ಸುಗ್ಗಿಯಲ್ಲಿ ಮನೆ ಸೇರುವುದು ರಾತ್ರಿ ಹನ್ನೊಂದಕ್ಕೆ. ಮೊದಲ ಕೆಲವು ತಿಂಗಳು ಸಮಾಧಾನವಿತ್ತು. ಈಗ ಕಣ್ಣು ಮುಚ್ಚಿದ ಕೂಡಲೇ ಗಿರಣಿಯ ಲೆಕ್ಕ, ರೈತರ ಮುಖಗಳು ಬರುತ್ತವೆ. ಮಾಲೀಕರು ಹೇಳಿದಂತೆ ಭತ್ತದ ತೇವಾಂಶವನ್ನು ಒಂದೆರಡು ಅಂಶ ಹೆಚ್ಚಿಗೆ ಬರೆಯಬೇಕಾಗುತ್ತದೆ, ಅದೂ ನೆನಪಾಗುತ್ತದೆ. ನೆತ್ತಿಯಲ್ಲಿ ಇರುವೆ ಹರಿದಂತಾಗುತ್ತದೆ, ಒಮ್ಮೊಮ್ಮೆ ಬೆಳಕು ಕಾಣುತ್ತದೆ. ಮನೆಯಲ್ಲಿ ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಶನಿವಾರ ಅಂಜನಾದ್ರಿ ಹತ್ತಿದರೆ ಮೇಲಿರುವಷ್ಟು ಹೊತ್ತು ಹಗುರ, ಇಳಿದರೆ ಮತ್ತೆ ಅದೇ. ತಾಯಿಯವರು ಹರಿಕಥಾಮೃತಸಾರ ಓದುತ್ತಾರೆ, ನನಗೆ ಅದು ಹಿಡಿಸದೆ ಮೊಬೈಲಿನಲ್ಲಿ ಪ್ರವಚನಗಳನ್ನು ಕೇಳುತ್ತೇನೆ. ಒಂದು ಶಿಬಿರದವರು ನಿಮ್ಮ ಕುಂಡಲಿನಿ (ದೇಹದೊಳಗಿನ ಸುಪ್ತ ಶಕ್ತಿ) ಏಳುತ್ತಿದೆ, ಗುರುವಿಲ್ಲದಿದ್ದರೆ ಬುದ್ಧಿ ಕೆಡುತ್ತದೆ ಎಂದು ಹೇಳಿ 28,000 ರೂಪಾಯಿಯ ದೀಕ್ಷೆಗೆ 5,000 ಮುಂಗಡ ಪಡೆದಿದ್ದಾರೆ. ಕೆಲಸ ಬಿಟ್ಟು ಹೃಷೀಕೇಶಕ್ಕೆ ಹೋಗಿಬಿಡೋಣ ಅನ್ನಿಸುತ್ತದೆ. ಮಗಳು ದ್ವಿತೀಯ ಪಿಯುಸಿ. ಹೆಂಡತಿ ಅಳುತ್ತಾಳೆ. ಸಂಸಾರದಲ್ಲಿದ್ದು ಆತ್ಮಸಾಕ್ಷಾತ್ಕಾರ ಸಾಧ್ಯವೇ? ಇಷ್ಟು ಸಿಟ್ಟಿರುವವನಿಗೆ ಅದಕ್ಕೆ ಅಧಿಕಾರ, ಅಂದರೆ ಯೋಗ್ಯತೆ ಇದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಅಡಿಯಲ್ಲಿರುವ ಆತಂಕ ಒಂದೇ ಎಂದು ನನಗೆ ತೋರುತ್ತದೆ. ಎರಡು ವರ್ಷ ಶ್ರದ್ಧೆಯಿಂದ ಮಾಡಿದ ಸಾಧನೆ ನೆಮ್ಮದಿಯನ್ನು ಕೊಡದೆ ಸಿಟ್ಟನ್ನೂ ಗೊಂದಲವನ್ನೂ ಹೆಚ್ಚಿಸಿರುವಾಗ, ದೋಷ ಸಾಧನೆಯಲ್ಲಿದೆಯೋ, ನನ್ನಲ್ಲಿದೆಯೋ, ನಾನು ಕಟ್ಟಿಕೊಂಡಿರುವ ಸಂಸಾರದಲ್ಲಿದೆಯೋ ಎಂಬುದು ನಿಮ್ಮ ಚಿಂತೆ. ಬಳ್ಳಾರಿಯಲ್ಲಿ ಗೀತೆ ಮತ್ತು ಉಪನಿಷತ್ತುಗಳ ಸಂಜೆಯ ಪಾಠಕ್ಕೆ ಬರುವ ಗೃಹಸ್ಥರಲ್ಲಿ ಈ ಚಿಂತೆಯನ್ನು ಹೊತ್ತು ಬರುವವರು ಕಡಿಮೆಯೇನಿಲ್ಲ, ಮತ್ತು ಅವರಲ್ಲಿ ಹೆಚ್ಚಿನವರು ನಿಮ್ಮ ವಯಸ್ಸಿನ ಆಸುಪಾಸಿನವರೇ. ಅವರೆಲ್ಲರೂ ಮೊದಲು ಸಂಸಾರವನ್ನೇ ದೂರುತ್ತಾರೆ, ಏಕೆಂದರೆ ಅದು ಎದುರಿಗೇ ಇರುತ್ತದೆ.

ಮೊದಲು ಒಂದು ವಿಷಯವನ್ನು ಬೇರ್ಪಡಿಸಿಕೊಳ್ಳೋಣ. ಮನಸ್ಸಿನ ಶಾಂತಿ ಮತ್ತು ಆತ್ಮಜ್ಞಾನ ಎರಡನ್ನೂ ನೀವು ಒಂದೇ ವಸ್ತುವೆಂಬಂತೆ ಬರೆದಿದ್ದೀರಿ. ವೇದಾಂತದ ಪಾಠಕ್ರಮದಲ್ಲಿ ಶಮ, ದಮ, ಉಪರತಿ, ತಿತಿಕ್ಷೆ, ಶ್ರದ್ಧೆ, ಸಮಾಧಾನ ಎಂಬ ಆರು ಗುಣಗಳನ್ನು ಸಾಧನಚತುಷ್ಟಯದೊಳಗೆ, ಅಂದರೆ ವಿಚಾರಕ್ಕೆ ತೊಡಗುವ ಮುನ್ನ ಬೇಕಾದ ಸಿದ್ಧತೆಯೊಳಗೆ ಸೇರಿಸಿದ್ದಾರೆ. ಮನಸ್ಸಿನ ಶಾಂತಿ ಅಲ್ಲಿ ಹೊಸ್ತಿಲಲ್ಲೇ ಕೇಳುವ ಯೋಗ್ಯತೆ. ಜ್ಞಾನವಾದ ಮೇಲೆ ಕೈಗೆ ಬರುವ ಬಹುಮಾನ ಮಾತ್ರವಲ್ಲ. ಜ್ಞಾನವು ಒದಗುವ ಬಗೆಯನ್ನು ಬೃಹದಾರಣ್ಯಕ ಉಪನಿಷತ್ತು ಶ್ರವಣ (ಕೇಳುವುದು), ಮನನ (ವಿಚಾರ ಮಾಡುವುದು), ನಿದಿಧ್ಯಾಸನ (ಅದರಲ್ಲೇ ಮನಸ್ಸು ನಿಲ್ಲಿಸುವುದು) ಎಂಬ ಕ್ರಮದಲ್ಲಿ ಹೇಳುತ್ತದೆ; ಕಣ್ಣು ಮುಚ್ಚಿ ಕುಳಿತುಕೊಳ್ಳುವುದು ಆ ಕ್ರಮದ ಕೊನೆಯ ಹಂತಕ್ಕೆ ಹತ್ತಿರವಾದದ್ದು. ನೀವು ಕೊನೆಯದನ್ನು ಮೊದಲು ಹಿಡಿದು, ಮೊದಲಿನದನ್ನು ಮೊಬೈಲಿಗೆ ಬಿಟ್ಟಿದ್ದೀರಿ. ಆ ಮೊಬೈಲಿನಲ್ಲಿ ಸೋಮವಾರ ಅದ್ವೈತ, ಮಂಗಳವಾರ ಚಕ್ರಶುದ್ಧಿ, ಬುಧವಾರ ಬೇಡಿದ್ದನ್ನೆಲ್ಲ ಆಕರ್ಷಿಸುವ ವಿದ್ಯೆ ಬಂದರೆ ಕೇಳುವವರ ತಲೆಯಲ್ಲಿ ಯಾವುದೂ ನಿಲ್ಲುವುದಿಲ್ಲ.

ಕುಳಿತಾಗ ಯೋಚನೆಗಳು ಬರುತ್ತವೆ ಎಂಬ ದೂರನ್ನು ಬೇಗನೆ ಮುಗಿಸಬಹುದು. ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನೂ ಇದನ್ನೇ ಹೇಳುತ್ತಾನೆ: ಮನಸ್ಸು ಚಂಚಲ, ಅದನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟು ಕಷ್ಟ. ಕೃಷ್ಣನು ಅವನನ್ನು ಗದರಿಸುವುದಿಲ್ಲ. ನಿಸ್ಸಂದೇಹವಾಗಿ ಹೌದು ಎಂದು ಒಪ್ಪಿಕೊಂಡು, ಅಭ್ಯಾಸದಿಂದಲೂ ವೈರಾಗ್ಯದಿಂದಲೂ ಹಿಡಿಯಬಹುದು ಎನ್ನುತ್ತಾನೆ. ಯೋಗಸೂತ್ರದ ಕರ್ತೃ ಪತಂಜಲಿಯೂ ಇದೇ ಎರಡನ್ನು ಹೇಳಿದ್ದಾನೆ. ಯೋಚನೆಯೇ ಬಾರದ ತಲೆಯನ್ನು ಗೃಹಸ್ಥನಿಗೆ ಯಾರೂ ಕರಾರು ಮಾಡಿಕೊಟ್ಟಿಲ್ಲ.

ಆದರೆ ನಿಮಗೆ ಬರುವ ಯೋಚನೆಗಳು ಎಲ್ಲರಿಗೂ ಬರುವಂಥ ಚದುರಿದ ಯೋಚನೆಗಳಲ್ಲ. ಪತ್ರದ ನಡುವೆ, ಹೋಗುತ್ತ ಹೇಳಿದಂತೆ, ನೀವು ಒಂದು ವಾಕ್ಯ ಬರೆದಿದ್ದೀರಿ: ತೇವಾಂಶವನ್ನು ಒಂದೆರಡು ಅಂಶ ಹೆಚ್ಚಿಗೆ ಬರೆಯಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಪತ್ರದ ಕೀಲಿ ಅಲ್ಲಿದೆ. ಸರ್ಕಾರಿ ಖರೀದಿಯಲ್ಲಿ ಭತ್ತಕ್ಕೆ ಗರಿಷ್ಠ ತೇವಾಂಶ ಶೇಕಡಾ 17 ಎಂಬ ಮಿತಿ ಇರುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮಾಪಕದಲ್ಲಿ 18 ತೋರಿಸಿದ್ದನ್ನು ಪುಸ್ತಕದಲ್ಲಿ 20 ಎಂದು ಇಳಿಸಿದಾಗ ರೈತನ ಚೀಟಿಯಲ್ಲಿ ಚೀಲಕ್ಕಿಷ್ಟು ಎಂದು ಕಡಿತವಾಗುತ್ತದೆ. ಆತ ಆ ಚೀಟಿಯನ್ನು ಎರಡು ಸಲ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡು, ನಿಮ್ಮ ಮುಖವನ್ನೊಮ್ಮೆ ನೋಡಿ ಹೊರಟುಹೋಗುತ್ತಾನೆ. ಮರುದಿನ ಬೆಳಗಿನ ಜಾವ ನಿಮ್ಮ ಮುಂದೆ ಬಂದು ನಿಲ್ಲುವ ಮುಖ ಅದೇ. ಇದನ್ನು ಏಕಾಗ್ರತೆಯ ಕೊರತೆ ಎಂದು ತಿಳಿದು ಇನ್ನಷ್ಟು ಬಿಗಿಯಾಗಿ ಧ್ಯಾನ ಮಾಡಿದರೆ ಅದು ಹೋಗುವುದಿಲ್ಲ, ಏಕೆಂದರೆ ಅದು ನಿಮ್ಮ ಮನಸ್ಸಾಕ್ಷಿ ಸರಿಯಾಗಿ ಕೆಲಸ ಮಾಡುತ್ತಿರುವುದರ ಗುರುತು. ಪ್ರಾಮಾಣಿಕವಲ್ಲದ ಮನುಷ್ಯನಿಗೆ ಈ ತೊಂದರೆಯೇ ಬರುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು.

ಶಾಸ್ತ್ರ ಈ ವಿಷಯದಲ್ಲಿ ಬಹಳ ನೇರವಾಗಿದೆ. ಕಠೋಪನಿಷತ್ತಿನ ಮೊದಲ ಅಧ್ಯಾಯದ ಎರಡನೆಯ ವಲ್ಲಿಯಲ್ಲಿ, ದುಶ್ಚರಿತದಿಂದ, ಅಂದರೆ ಕೆಟ್ಟ ನಡತೆಯಿಂದ ಹಿಂದೆ ಸರಿಯದವನು, ಶಾಂತನಲ್ಲದವನು, ಮನಸ್ಸು ನೆಲೆಗೊಳ್ಳದವನು ಕೇವಲ ಬುದ್ಧಿಯಿಂದ ಆತ್ಮನನ್ನು ಹೊಂದಲಾರನು ಎಂದು ಯಮನು ನಚಿಕೇತನಿಗೆ ಹೇಳುತ್ತಾನೆ. ಆ ಪಟ್ಟಿಯಲ್ಲಿ ದುಶ್ಚರಿತ ಮೊದಲು ಬರುತ್ತದೆ, ಅಶಾಂತಿ ಅದರ ನಂತರ. ಯೋಗಸೂತ್ರದ ಎಂಟು ಅಂಗಗಳಲ್ಲೂ ಸತ್ಯ ಮತ್ತು ಅಸ್ತೇಯ (ಕದಿಯದಿರುವುದು) ಮೊದಲನೆಯ ಅಂಗವಾದ ಯಮದಲ್ಲಿ, ಅಂದರೆ ಸಂಯಮದಲ್ಲಿ ಇವೆ, ಪ್ರಾಣಾಯಾಮ ನಾಲ್ಕನೆಯದು, ಧ್ಯಾನ ಏಳನೆಯದು. ಇಂದಿನ ಶಿಬಿರಗಳು ನಾಲ್ಕನೆಯದರಿಂದ ಶುರು ಮಾಡಿಸುವುದಕ್ಕೆ ಕಾರಣ ಸರಳ: ಮೊದಲನೆಯದಕ್ಕೆ ಶುಲ್ಕ ಪಡೆಯುವುದು ಕಷ್ಟ.

ಇದಕ್ಕಾಗಿ ಸಂಸ್ಕೃತದವರೆಗೆ ಹೋಗಬೇಕಾಗಿಯೂ ಇಲ್ಲ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ಹೇಳಲಾಗುವ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ಈ ಭಾಗದ ಮಕ್ಕಳಿಗೂ ಗೊತ್ತು. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ, ಆಸೆಯೆಂಬುದು ಅರಸಿಂಗಲ್ಲದೆ (ಅರಸನಿಗಲ್ಲದೆ) ಶಿವಭಕ್ತರಿಗುಂಟೇ ಎಂದು ಕೇಳಿ, ಹೆಚ್ಚಾದದ್ದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಕಳುಹಿಸುತ್ತಾಳೆ. ಆಕೆ ಗಂಡನಿಗೆ ಕಾಯಕ ಬಿಡು ಎನ್ನಲಿಲ್ಲ, ಕಾಡಿಗೆ ಹೋಗೋಣ ಎಂದೂ ಹೇಳಲಿಲ್ಲ. ನಿಮ್ಮ ಉದ್ಯೋಗವೂ ಅಕ್ಕಿಯದೇ ಆದುದರಿಂದ ಈ ಕಥೆಯನ್ನು ನೆನಪಿಸಿದೆ.

ಹಾಗೆಂದು ನಾಳೆಯೇ ಮಾಲೀಕರ ಮುಂದೆ ಹೋಗಿ ಸತ್ಯಾಗ್ರಹ ಮಾಡಿ ಎಂದು ನಾನು ಹೇಳಲಾರೆ. ಮಗಳ ಶುಲ್ಕ ಕಟ್ಟುವವರು ನೀವು, ನಾನಲ್ಲ. ದಾರಿಗಳು ಇವೆ, ಪ್ರತಿಯೊಂದಕ್ಕೂ ಬೆಲೆಯಿದೆ. ಖರೀದಿಯ ಪುಸ್ತಕವನ್ನು ಬಿಟ್ಟು ಮಾರಾಟ, ಕೂಲಿ, ತೆರಿಗೆಯ ಲೆಕ್ಕಗಳನ್ನು ಮಾತ್ರ ನೋಡಿಕೊಳ್ಳುತ್ತೇನೆ ಎಂದು ಕೇಳಿಕೊಳ್ಳಬಹುದು. ಹಳೆಯ ನೌಕರರ ಇಂಥ ಮಾತಿಗೆ ಮಾಲೀಕರು ಒಪ್ಪುವ ಸಾಧ್ಯತೆ ಇದೆ, ಆದರೆ ಆಗ ಆ ಕೆಲಸ ಬೇರೊಬ್ಬ ಗುಮಾಸ್ತನ ಕೈಗೆ ಹೋಗುತ್ತದೆಯೇ ಹೊರತು ರೈತನ ನಷ್ಟ ತಪ್ಪುವುದಿಲ್ಲ. ಮಾಪಕದಲ್ಲಿ ಬಂದ ಅಂಕಿಯನ್ನು ರೈತನಿಗೆ ತೋರಿಸಿ, ಅದನ್ನೇ ಬರೆಯುತ್ತೇನೆ ಎಂದು ನಿಲ್ಲಬಹುದು. ಇದು ನೇರವಾದ ದಾರಿ, ಕೆಲಸಕ್ಕೆ ಕುತ್ತು ಬರುವ ದಾರಿಯೂ ಹೌದು. ಕಾರಟಗಿ, ಸಿಂಧನೂರುಗಳ ಕಡೆ ಗಿರಣಿಗಳಿಗೆ ಕೊರತೆಯಿಲ್ಲ, ಅನುಭವಿ ಲೆಕ್ಕಿಗರಿಗೆ ಬೇಡಿಕೆಯೂ ಇದೆ, ಆದರೆ ಹೊಸ ಗಿರಣಿಯ ಪುಸ್ತಕ ಶುದ್ಧವಾಗಿರುತ್ತದೆ ಎಂಬ ಖಾತರಿ ಇಲ್ಲ. ನನ್ನನ್ನು ಕೇಳಿದರೆ, ಮೊದಲು ಬೇರೆ ಕೆಲಸದ ದಾರಿ ನೋಡಿಟ್ಟುಕೊಂಡು, ಆಮೇಲೆ ಮಾಲೀಕರೊಡನೆ ಒಬ್ಬರೇ ಇದ್ದಾಗ ಮಾತನಾಡುವುದು ಲೇಸು. ಅಲ್ಲಿಯವರೆಗೆ ಧ್ಯಾನದಲ್ಲಿ ಆ ಮುಖಗಳು ಬಂದರೆ ಅವುಗಳನ್ನು ಓಡಿಸಲು ಹೋಗಬೇಡಿ.

ಎರಡನೆಯ ಕಾರಣ ನಿದ್ದೆ. ಹನ್ನೊಂದಕ್ಕೆ ಮನೆ ಸೇರಿ, ಉಂಡು ಮಲಗುವಾಗ ಹನ್ನೆರಡಾಗಿ, ನಾಲ್ಕಕ್ಕೆ ಏಳುವವರಿಗೆ ಸಿಗುವುದು ನಾಲ್ಕು ಗಂಟೆಯ ನಿದ್ದೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಯಾರಿಗಾದರೂ ಸಿಟ್ಟು ಮೂಗಿನ ತುದಿಗೆ ಬರುತ್ತದೆ, ಗಮನ ಒಡೆಯುತ್ತದೆ, ಅರೆನಿದ್ದೆಯಲ್ಲಿ ಕಣ್ಣಿನ ಮುಂದೆ ಬೆಳಕು, ಆಕೃತಿಗಳು ತೇಲುತ್ತವೆ. ಬ್ರಾಹ್ಮೀ ಮುಹೂರ್ತದ ಮಹತ್ವವನ್ನು ನಾನು ಅಲ್ಲಗಳೆಯುತ್ತಿಲ್ಲ. ಅದು ದೀಪ ಆರಿಸಿ ಬೇಗ ಮಲಗುತ್ತಿದ್ದ ಕಾಲದ ದಿನಚರಿಯ ಭಾಗ. ರಾತ್ರಿಯನ್ನು ಗಿರಣಿಗೆ ಕೊಟ್ಟು ಮುಂಜಾವನ್ನು ಮಾತ್ರ ಋಷಿಗಳಿಂದ ಪಡೆಯಲು ಬರುವುದಿಲ್ಲ. ಗೀತೆಯೇ ಆರನೆಯ ಅಧ್ಯಾಯದ 16 ಮತ್ತು 17ನೆಯ ಶ್ಲೋಕಗಳಲ್ಲಿ, ಅತಿಯಾಗಿ ನಿದ್ರಿಸುವವನಿಗೂ ಯೋಗವಿಲ್ಲ, ಎಚ್ಚರವಾಗಿಯೇ ಇರುವವನಿಗೂ ಇಲ್ಲ, ಹಿತಮಿತವಾದ ನಿದ್ದೆ ಮತ್ತು ಎಚ್ಚರಗಳಿರುವವನಿಗೇ ಯೋಗ ದುಃಖವನ್ನು ಕಳೆಯುತ್ತದೆ ಎಂದು ಹೇಳಿದೆ. ಸುಗ್ಗಿ ಮುಗಿಯುವವರೆಗೆ ಆರು ಗಂಟೆಗೆ ಏಳಿ. ಸ್ನಾನದ ನಂತರ ಇಪ್ಪತ್ತು ನಿಮಿಷ ಕುಳಿತರೆ ಧಾರಾಳವಾಯಿತು. ಎರಡು ವರ್ಷದ ಅಭ್ಯಾಸ ಹಾಳಾಗುತ್ತದೆ ಎಂಬ ಭಯ ನಿಮಗೆ ಬರಬಹುದು; ಅದು ಹಾಗೆ ಹಾಳಾಗುವ ವಸ್ತುವಲ್ಲ.

ನೆತ್ತಿಯ ಇರುವೆಗಳ ವಿಷಯ. ಅರ್ಧ ಗಂಟೆ ಬಿರುಸಾಗಿ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತುಟಿ, ಬೆರಳು, ತಲೆಗಳಲ್ಲಿ ಜುಮ್ಮೆನ್ನುವುದು, ತಲೆ ಹಗುರವಾಗುವುದು ಶರೀರದ ಸಹಜ ವರ್ತನೆ. ಭಸ್ತ್ರಿಕಾ ಹಾಗೆ ಅರ್ಧ ಗಂಟೆ ಮಾಡುವ ಅಭ್ಯಾಸವೂ ಅಲ್ಲ. ಬಲ್ಲವರು ಕೆಲವೇ ಸುತ್ತು ಮಾಡಿಸಿ, ನಡುವೆ ವಿಶ್ರಾಂತಿ ಕೊಡುತ್ತಾರೆ, ರಕ್ತದೊತ್ತಡ ಇರುವವರಿಗೆ ಬೇಡವೆನ್ನುತ್ತಾರೆ. ಅದನ್ನು ಈಗಲೇ ನಿಲ್ಲಿಸಿ. ನಿಲ್ಲಿಸಿದ ಮೇಲೂ ಜುಮ್ಮೆನ್ನುವುದು ಮುಂದುವರಿದರೆ ಸಕ್ಕರೆ ಮತ್ತು ಬಿ12 ಜೀವಸತ್ವದ ಪರೀಕ್ಷೆ ಮಾಡಿಸಿ; ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದರಿಂದಲೂ ಕೈಕಾಲು ಜುಮ್ಮೆನ್ನುತ್ತವೆ. ಕುಂಡಲಿನಿಯ ಬಗ್ಗೆ ಹಠಯೋಗ ಮತ್ತು ತಂತ್ರ ಗ್ರಂಥಗಳಲ್ಲಿ ಗಂಭೀರವಾದ ವಿವರಣೆ ಇದೆ, ಅದನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ದೂರವಾಣಿಯಲ್ಲಿ ಲಕ್ಷಣ ಕೇಳಿ ಅದು ಎದ್ದಿದೆ ಎಂದು ನಿರ್ಣಯಿಸುವ ಪದ್ಧತಿ ಆ ಗ್ರಂಥಗಳದ್ದಲ್ಲ. ಯೋಗಸೂತ್ರವಂತೂ ಮೈ ನಡುಗುವುದು, ಉಸಿರು ಏರುಪೇರಾಗುವುದು, ಮನಸ್ಸು ಕುಗ್ಗುವುದು ಇವುಗಳನ್ನು ಚಿತ್ತವಿಕ್ಷೇಪದ ಸಂಗಾತಿಗಳೆಂದು 1ನೆಯ ಪಾದದ 31ನೆಯ ಸೂತ್ರದಲ್ಲಿ ಎಣಿಸಿದೆ. ಅದರ ಹಿಂದಿನ ಸೂತ್ರದಲ್ಲಿ ವ್ಯಾಧಿ, ಸಂಶಯ, ಆಲಸ್ಯ ಮುಂತಾದ ಒಂಬತ್ತು ಅಂತರಾಯಗಳಲ್ಲಿ, ಅಂದರೆ ಅಡ್ಡಿಗಳಲ್ಲಿ, ಭ್ರಾಂತಿದರ್ಶನವನ್ನೂ (ಇಲ್ಲದ್ದನ್ನು ಇದೆಯೆಂದು ಕಾಣುವುದನ್ನೂ) ಒಂದಾಗಿ ಹೇಳಿದೆ.

ಇಲ್ಲಿ ವೈದ್ಯರ ಪಾಲೂ ಇದೆ. ಬೇಗ ಮಲಗಿದರೂ ಎರಡು ಮೂರು ವಾರ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ರುಚಿ ಉಳಿಯದಿದ್ದರೆ, ಮನೋವೈದ್ಯರನ್ನು ಕಾಣುವುದು ಸಾಧನೆಗೆ ಅವಮಾನವಲ್ಲ. ಬದುಕೇ ಬೇಡವೆನಿಸಿದರೆ, ಅಥವಾ ನಿದ್ದೆಯಿಲ್ಲದೆಯೂ ಅಪಾರ ಉತ್ಸಾಹ, ತನಗೇನೋ ದಿವ್ಯಶಕ್ತಿ ಬಂದಿದೆಯೆಂಬ ಭಾವ, ಇತರರಿಗೆ ಕೇಳದ ಧ್ವನಿ ಕೇಳುವುದು ಶುರುವಾದರೆ ಒಂದು ದಿನವೂ ತಡ ಮಾಡಬಾರದು, ಮತ್ತು ಆ ಸ್ಥಿತಿಯಲ್ಲಿ ದೀರ್ಘ ಮೌನ ಶಿಬಿರಗಳಿಗೆ ಹೋಗುವುದು ಅಪಾಯಕರ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹಾಗಾಗಿ ಈ ಸೀಮೆಯವರು ಮನೋವೈದ್ಯರ ಬಳಿ ಹೋಗಲು ನಾಚಬೇಕಾದ್ದಿಲ್ಲ. ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು.

ಈಗ ಹೃಷೀಕೇಶ. ಸಂಸಾರದಲ್ಲಿದ್ದು ಜ್ಞಾನ ಸಾಧ್ಯವೇ ಎಂಬುದಕ್ಕೆ ಪರಂಪರೆಯಲ್ಲಿ ಎರಡು ಧ್ವನಿಗಳಿರುವುದನ್ನು ಮರೆಮಾಚಬಾರದು. ಗೀತೆಯು ಜನಕನ ಉದಾಹರಣೆ ಕೊಟ್ಟು ಕರ್ಮದಲ್ಲಿದ್ದೇ ಸಿದ್ಧಿ ಸಾಧ್ಯವೆನ್ನುತ್ತದೆ. ಅದ್ವೈತದ ಆಚಾರ್ಯರು ಸಂನ್ಯಾಸಕ್ಕೆ ಹೆಚ್ಚಿನ ಮನ್ನಣೆ ಕೊಟ್ಟಿದ್ದಾರೆ. ವಿಜಯನಗರದ ಜೊತೆ ಹೆಸರು ಬೆರೆತಿರುವ ವಿದ್ಯಾರಣ್ಯರು ಜೀವನ್ಮುಕ್ತಿವಿವೇಕದಲ್ಲಿ ಸಂನ್ಯಾಸವನ್ನು ಎರಡಾಗಿ ವಿಂಗಡಿಸುತ್ತಾರೆ: ತಿಳಿಯಬೇಕೆಂಬ ತೀವ್ರವಾದ ಇಚ್ಛೆಯಿಂದ ಸ್ವೀಕರಿಸುವ ವಿವಿದಿಷಾ ಸಂನ್ಯಾಸ, ತಿಳಿದವನು ಸ್ವೀಕರಿಸುವ ವಿದ್ವತ್ ಸಂನ್ಯಾಸ. ಗಿರಣಿಯ ಲೆಕ್ಕ ತಾಳಲಾರದೆ ತೆಗೆದುಕೊಳ್ಳುವ ಸಂನ್ಯಾಸಕ್ಕೆ ಅಲ್ಲಿ ಮೂರನೆಯ ಹೆಸರಿಲ್ಲ. ಅದಕ್ಕೆ ಹೆಸರಿರುವುದು ಗೀತೆಯ 18ನೆಯ ಅಧ್ಯಾಯದಲ್ಲಿ: ಕಷ್ಟವೆಂಬ ಕಾರಣಕ್ಕೆ, ಶ್ರಮದ ಭಯಕ್ಕೆ ಕರ್ಮ ಬಿಡುವುದು ರಾಜಸ ತ್ಯಾಗ, ಅದರಿಂದ ತ್ಯಾಗದ ಫಲ ದೊರೆಯುವುದಿಲ್ಲ.

ನಿಮ್ಮ ಸಿಟ್ಟಿನ ಪ್ರಶ್ನೆಗೂ ವಿದ್ಯಾರಣ್ಯರಲ್ಲಿ ಉತ್ತರವಿದೆ, ಅದು ನನಗೆ ಬಹಳ ಪ್ರಿಯವಾದ ಭಾಗ. ಜನಕನ ಸಭೆಯಲ್ಲಿ ಕೊಂಬಿಗೆ ಚಿನ್ನ ಕಟ್ಟಿದ ಸಾವಿರ ಹಸುಗಳನ್ನು, ವಾದ ಶುರುವಾಗುವ ಮೊದಲೇ ಶಿಷ್ಯನಿಗೆ ಹೇಳಿ ಮನೆಗೆ ಹೊಡೆಸಿದ ಯಾಜ್ಞವಲ್ಕ್ಯ ಬ್ರಹ್ಮವನ್ನು ಬಲ್ಲವನೇ. ಆದರೂ ಅವನಲ್ಲಿ ವಿದ್ಯಾಮದ, ಕೋಪ ಉಳಿದಿದ್ದುವೆಂದು ಅವರು ಮುಚ್ಚುಮರೆಯಿಲ್ಲದೆ ಚರ್ಚಿಸುತ್ತಾರೆ. ತತ್ತ್ವಜ್ಞಾನ ಒಂದು, ವಾಸನೆಗಳು, ಅಂದರೆ ಮನಸ್ಸಿನಲ್ಲಿ ಬೇರೂರಿದ ಹಳೆಯ ಸಂಸ್ಕಾರಗಳು, ಕ್ಷಯಿಸುವುದು ಇನ್ನೊಂದು, ಎರಡಕ್ಕೂ ಬೇರೆ ಬೇರೆ ದುಡಿಮೆ ಬೇಕು ಎಂಬುದು ಅವರ ಅಭಿಪ್ರಾಯ. ಸಿಟ್ಟಿದೆ ಎಂಬ ಕಾರಣಕ್ಕೆ ಯಾರೂ ನಿಮ್ಮನ್ನು ಹೊಸ್ತಿಲಿನಿಂದ ಆಚೆ ಕಳುಹಿಸುವುದಿಲ್ಲ. ಅದೇ ಯಾಜ್ಞವಲ್ಕ್ಯ ಕೊನೆಗೆ ಮನೆ ಬಿಡುವಾಗ ಮಾಡಿದ್ದನ್ನೂ ಗಮನಿಸಿ: ಹೆಂಡತಿಯರಾದ ಮೈತ್ರೇಯಿ ಮತ್ತು ಕಾತ್ಯಾಯನಿಯರಿಗೆ ತಿಳಿಸಿ, ಆಸ್ತಿಯನ್ನು ಹಂಚಲು ಮುಂದಾದ. ಮೈತ್ರೇಯಿಯು ಈ ಹಣದಿಂದ ನಾನು ಅಮೃತಳಾಗುವೆನೇ ಎಂದು ಕೇಳಿದ್ದರಿಂದಲೇ ಆತ್ಮವಿದ್ಯೆಯ ಆ ಪ್ರಸಿದ್ಧ ಉಪದೇಶ ಹೊರಟಿತು. ಗಂಡ ಹೆಂಡಿರು ಎದುರುಬದುರು ಕುಳಿತು ಆಡಿದ ಮಾತು ಅದು. ನಿಮ್ಮ ಮನೆಯವರನ್ನು ಅಡ್ಡಿ ಎಂದು ತಿಳಿಯುವ ಮೊದಲು ಈ ಪತ್ರವನ್ನು ಅವರಿಗೆ ಓದಲು ಕೊಡಿ. ತೇವಾಂಶದ ವಿಷಯ ಅವರಿಗೆ ಗೊತ್ತಿಲ್ಲವೆಂದು ನನ್ನ ಊಹೆ.

ಮಗಳ ಪರೀಕ್ಷೆ ಮುಗಿದ ಮೇಲೆ, ಎಲ್ಲರಿಗೂ ತಿಳಿಸಿ, ಹದಿನೈದು ದಿನ ಒಂದು ಆಶ್ರಮದಲ್ಲಿದ್ದು ಪಾಠ ಕೇಳಿ ಬರುವುದಕ್ಕೆ ನನ್ನ ವಿರೋಧವಿಲ್ಲ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿದಾಗ ಸಿಗುವ ಹಗುರವೂ ನಿಜವಾದದ್ದೇ, ಅದನ್ನು ಬಿಡಬೇಡಿ. ಏರುವ ಶ್ರಮ, ಗಾಳಿ, ಕಣ್ಣೆದುರಿನ ತುಂಗಭದ್ರೆ ಇವೆಲ್ಲ ಸೇರಿ ಕೊಡುವ ಆ ಸಮಾಧಾನ ಇಳಿಯುವಾಗ ಕರಗಿದರೆ ಸೋತೆನೆಂದು ತಿಳಿಯಬೇಕಾಗಿಲ್ಲ.

ಶ್ರವಣಕ್ಕೆ ಒಂದೇ ದಾರಿ ಹಿಡಿಯಿರಿ. ಅಂತಿಮ ಸ್ಥಿತಿಯ ವಿಷಯದಲ್ಲಿ ನಮ್ಮ ಮತಗಳು ಒಂದೇ ಮಾತು ಹೇಳುವುದಿಲ್ಲ: ಅದ್ವೈತದಲ್ಲಿ ಜೀವಬ್ರಹ್ಮರ ಐಕ್ಯ, ದ್ವೈತದಲ್ಲಿ ಭೇದ ನಿತ್ಯ, ಸಾಕ್ಷಾತ್ಕಾರವೆಂದರೆ ತನ್ನೊಳಗಿನ ಬಿಂಬರೂಪಿ ಭಗವಂತನ ದರ್ಶನ, ಅದೂ ಅವನ ಪ್ರಸಾದದಿಂದ. ಎರಡನ್ನೂ ಒಟ್ಟಿಗೆ ಕೇಳಿದರೆ ಗೊಂದಲವಾಗುವುದು ಸಹಜ. ನಿಮ್ಮ ತಾಯಿಯವರು ಓದುವ ಗ್ರಂಥವನ್ನು ಬರೆದ ಜಗನ್ನಾಥದಾಸರು ಮಾನ್ವಿ ತಾಲ್ಲೂಕಿನ ಬ್ಯಾಗವಟ್ಟಿಯವರು. ಭಾಮಿನಿ ಷಟ್ಪದಿಯಲ್ಲಿ, ಕನ್ನಡದಲ್ಲಿ, ಇಡೀ ಮಾಧ್ವ ಸಿದ್ಧಾಂತವನ್ನು ಇಳಿಸಿದವರು. ಅದು ಹಿಡಿಸದಿರುವುದಕ್ಕೆ ಕಾರಣ ಯಾರೂ ಅದನ್ನು ನಿಮಗೆ ಅರ್ಥ ಬಿಡಿಸಿ ಹೇಳದಿರುವುದೂ ಇರಬಹುದು. ವಾರಕ್ಕೊಂದು ಸಂಧಿಯ ಒಂದೆರಡು ಪದ್ಯವನ್ನು ತಾಯಿಯವರ ಬಾಯಿಂದಲೇ ಕೇಳಿ. ಆಮೇಲೂ ಮನಸ್ಸು ಅದ್ವೈತದ ಕಡೆಗೇ ಹೋದರೆ ಅದಕ್ಕೂ ಪಾಠ ಹೇಳುವವರು ಸಿಗುತ್ತಾರೆ.

ಗುರುವಿಲ್ಲದಿದ್ದರೆ ಬುದ್ಧಿ ಕೆಡುತ್ತದೆ ಎಂದು ಹೆದರಿಸಿದವರ ವಿಷಯ ಉಳಿಯಿತು. ಗುರು ಬೇಕೆಂದು ಮುಂಡಕೋಪನಿಷತ್ತೂ ಹೇಳುತ್ತದೆ, ಆದರೆ ಅವನು ಶಾಸ್ತ್ರ ಬಲ್ಲವನಾಗಿರಬೇಕು, ಬ್ರಹ್ಮದಲ್ಲಿ ನೆಲೆ ನಿಂತವನಾಗಿರಬೇಕು ಎಂಬ ಎರಡು ಲಕ್ಷಣಗಳನ್ನು ಕೂಡಿಸಿಯೇ ಹೇಳುತ್ತದೆ. ಶಿಷ್ಯನ ಕೈಯಲ್ಲಿ ಇರಬೇಕಾದದ್ದು ಸಮಿತ್ತು, ಅಂದರೆ ಹೋಮದ ಕಟ್ಟಿಗೆ. ಭಯ ಹುಟ್ಟಿಸಿ, ಗಡುವು ಕೊಟ್ಟು, ಮನೆಯವರಿಗೆ ಹೇಳಬೇಡ ಎನ್ನುವವರಲ್ಲಿ ಆ ಲಕ್ಷಣಗಳನ್ನು ಹುಡುಕುವ ಕಷ್ಟವನ್ನು ತೆಗೆದುಕೊಳ್ಳಬೇಡಿ. ಮುಂಗಡ ಕೊಟ್ಟ 5,000 ರೂಪಾಯಿಯನ್ನು ಮರಳಿಸುವಂತೆ ಬರಹದಲ್ಲಿ ಕೇಳಿ, ರಸೀದಿಯ ಪ್ರತಿ ಇಟ್ಟುಕೊಳ್ಳಿ. ಕೊಟ್ಟರೆ ಸರಿ. ಕೊಡದಿದ್ದರೂ ಉಳಿದ 23,000ವನ್ನು ಕಟ್ಟಬೇಡಿ.